ದೂರದರ್ಶನದ ಪಾಠ ಮತ್ತು ಮನೆಯ ಪ್ರತಿ

೧

ಕನ್ನಡ ಶಾಸನಗಳನ್ನು ಅಭ್ಯಾಸಮಾಡುವವರಿಗೆ ಶಿಕಾರಿಪುರ, ಸೊರಬ ಎಂಬ ಹೆಸರುಗಳು ಚಿರಪರಿಚಿತವಾದುವು. ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ (೧೯೦೨) ಶಿಕಾರಿಪುರ ತಾಲ್ಲೂಕಿನ ಶಾಸನಗಳೂ ಎಂಟನೆಯ ಸಂಪುಟದಲ್ಲಿ (೧೯೦೪) ಸೊರಬ ತಾಲ್ಲೂಕಿನ ಶಾಸನಗಳೂ ಅಚ್ಚಾಗಿವೆ. ತಾಳಗುಂದದ ಸ್ತಂಭ, ಬಳ್ಳಿಗಾವೆಯ ದಾನಶಾಸನಗಳು, ಸೊರಬದ ಹಳ್ಳಿಗಳ ವೀರಗಲ್ಲುಗಳು ಇವನ್ನು ಬಿಟ್ಟು ಕನ್ನಡನಾಡಿನ ಚರಿತ್ರೆಯನ್ನು ಬರೆಯುವಂತಿಲ್ಲ. ಆದರೆ ಶಾಸನವೆಂಬುದು ಬರೆಯಿಸಿದವನ ಮಾತು. ಊರ ನಡುವೆ, ಗುಡಿಯ ಮುಂದೆ, ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ ಮಾತು. ಅದನ್ನು ಕಂಡವನು ಏನನ್ನು ಮೆಚ್ಚಿದನು, ಯಾವುದನ್ನು ಮತ್ತೊಮ್ಮೆ ಕೇಳಲು ಬಯಸಿದನು ಎಂಬುದು ಕಲ್ಲಿನಿಂದ ತಿಳಿಯುವುದಿಲ್ಲ. ಅದಕ್ಕೆ ನಾವು ಓಲೆಗರಿಯ ಕಟ್ಟುಗಳನ್ನೇ ಬಿಚ್ಚಬೇಕು. ಅಲ್ಲಮಪ್ರಭುವಿನ ಹೆಸರು ಬಳ್ಳಿಗಾವೆಯೊಡನೆಯೂ ಅಕ್ಕಮಹಾದೇವಿಯ ಹೆಸರು ಉಡುತಡಿಯೊಡನೆಯೂ ಬೆಸೆದುಕೊಂಡಿವೆ. ಎರಡೂ ಶಿಕಾರಿಪುರ ತಾಲ್ಲೂಕಿನ ಊರುಗಳು. ಅವರ ವಚನಗಳು ನಮ್ಮವರೆಗೆ ಬಂದದ್ದು ಕಲ್ಲಿನ ಬಲದಿಂದಲ್ಲ; ಮಠಗಳಲ್ಲಿ, ಮನೆಗಳಲ್ಲಿ ಯಾರೋ ತಮಗೆ ಬೇಕೆಂದು ಪ್ರತಿಮಾಡಿಟ್ಟುಕೊಂಡ ಗರಿಗಳ ಬಲದಿಂದ.

ಈ ಮಾತನ್ನು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ಶಿಕಾರಿಪುರ, ಸೊರಬಗಳಂಥ ಊರುಗಳ ಹಳೆಯ ಮನೆಗಳ ಕಪಾಟುಗಳಲ್ಲಿ ಈಗ ಮತ್ತೊಂದು ಬಗೆಯ ಕಟ್ಟುಗಳಿವೆ. ಅವು ಗರಿಯ ಕಟ್ಟುಗಳಲ್ಲ, ವಿಡಿಯೊ ಕ್ಯಾಸೆಟ್ಟುಗಳು. ಹೆಚ್ಚಿನವು ಮದುವೆಯವು, ಕೆಲವು ಕೊಂಡುತಂದ ಚಲಚ್ಚಿತ್ರದವು, ಎಲ್ಲೋ ಒಂದೆರಡು, ದೂರದರ್ಶನದಲ್ಲಿ ಬಂದುದನ್ನು ಬಂದಂತೆಯೇ ಮನೆಯವರು ಮುದ್ರಿಸಿಟ್ಟುಕೊಂಡವು. ಈ ಕೊನೆಯ ಬಗೆಯವೇ ಪ್ರಸ್ತುತ ಲೇಖನದ ವಿಷಯ. ಇವುಗಳಿಗೆ ಸಾಹಿತ್ಯವಿಮರ್ಶೆಯಲ್ಲಿ ಏನಾದರೂ ಸ್ಥಾನವುಂಟೇ? ಉಂಟೆಂದೂ, ಇವುಗಳಿಲ್ಲದೆ ದೂರದರ್ಶನದ ವಿಮರ್ಶೆಯು ತಳಹದಿಯಿಲ್ಲದ ಮನೆಯಾಗುವುದೆಂದೂ ತೋರಿಸುವುದು ನನ್ನ ಉದ್ದೇಶ.

೨

ಪ್ರಸಾರಕ್ಕೆ ತನ್ನದೇ ಆದ ಕಾಲವೊಂದುಂಟು. ಪುಸ್ತಕವನ್ನು ಓದುವವನು ಓದುವ ಹೊತ್ತನ್ನು ತಾನೇ ಗೊತ್ತುಮಾಡಿಕೊಳ್ಳುತ್ತಾನೆ. ಪ್ರಸಾರವನ್ನು ನೋಡುವವನು ಅದರ ಹೊತ್ತಿಗೆ ಸರಿಯಾಗಿ ತಾನು ಹೋಗಿ ಕುಳಿತುಕೊಳ್ಳಬೇಕು. ಮೊದಲನೆಯದನ್ನು ಪ್ರೇಕ್ಷಕಕಾಲವೆಂದೂ ಎರಡನೆಯದನ್ನು ಪ್ರಸಾರಕಾಲವೆಂದೂ ಕರೆಯೋಣ. ಪ್ರಸಾರಕಾಲವು ನಮ್ಮವರಿಗೆ ಹೊಸದಾಗಿರಲಿಲ್ಲ. ಸೊರಬದ ಕಡೆ ಬಡಗುತಿಟ್ಟಿನ ಬಯಲಾಟಕ್ಕೆ ಹೋದವರಿಗೆ ಅದು ಗೊತ್ತು. ಆಟ ನಡೆಯುವುದು ಮೇಳದ ಹೊತ್ತಿಗೆ. ನಡುರಾತ್ರಿಯಲ್ಲಿ ತೂಕಡಿಸಿದವನಿಗೆ ಆ ಭಾಗ ತಪ್ಪಿಹೋಯಿತೆಂದೇ ಲೆಕ್ಕ. ಭಾಗವತನು ಅವನಿಗಾಗಿ ಪದವನ್ನು ಮತ್ತೆ ಎತ್ತಿಕೊಳ್ಳುವುದಿಲ್ಲ. ಮರುದಿನ ಎಚ್ಚರವಾಗಿದ್ದವರ ಬಾಯಿಂದ ಅದನ್ನು ಕೇಳಿ ತಿಳಿಯಬೇಕು. ತಪ್ಪಿಹೋಗಬಹುದೆಂಬ ಭಯವೂ, ಕಂಡವರು ಕಾಣದವರಿಗೆ ಹೇಳುವ ಸಂತೋಷವೂ ಈ ಕಾಲದ ಎರಡು ಗುಣಗಳು.

ದೂರದರ್ಶನವು ಕನ್ನಡದ ಹಳ್ಳಿಗಳಿಗೆ ಮೊದಲು ಬಂದುದು ಈ ಗುಣಗಳೊಡನೆಯೇ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷಕಾಲ ನಡೆದ ಉಪಗ್ರಹ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಸಾರ್ವಜನಿಕ ಟಿ.ವಿ.ಗಳನ್ನು ಕೊಡಲಾಯಿತು, ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ನೆಲದ ಮೇಲೆ ಕುಳಿತ ಊರು. ಅದೇ ೧೯೭೫ರಲ್ಲಿ ಜಪಾನಿನ ಸೋನಿ ಸಂಸ್ಥೆ ಬೀಟಾಮ್ಯಾಕ್ಸ್ ಎಂಬ ಮನೆಬಳಕೆಯ ಮುದ್ರಣಯಂತ್ರವನ್ನು ಮಾರಾಟಕ್ಕೆ ತಂದಿತು; ಮರುವರ್ಷ ಜೆ.ವಿ.ಸಿ. ಸಂಸ್ಥೆಯ ವಿ.ಎಚ್.ಎಸ್. ಬಂದಿತು. ಒಂದೇ ವರ್ಷದಲ್ಲಿ ಒಂದು ದೇಶವು ನೋಟವನ್ನು ಊರೊಟ್ಟಿನ ಕಾರ್ಯವಾಗಿ ಮಾಡಹೊರಟಿತು, ಮತ್ತೊಂದು ಅದನ್ನು ಒಬ್ಬೊಬ್ಬನ ಕೈಗೆ ಒಪ್ಪಿಸಹೊರಟಿತು. ಈ ಎರಡು ಪ್ರವೃತ್ತಿಗಳು ಮುಂದೆ ನಮ್ಮ ಮಲೆನಾಡಿನ ಅಂಚಿನ ಊರುಗಳಲ್ಲಿ ಒಂದೇ ಕೋಣೆಯಲ್ಲಿ ಎದುರುಬದುರಾದುವು.

ಬೆಂಗಳೂರಿನ ದೂರದರ್ಶನ ಕೇಂದ್ರವು ೧೯೮೧ರ ನವೆಂಬರಿನಲ್ಲಿ ಆರಂಭವಾಯಿತು. ೧೯೮೭ರ ಜನವರಿ ೨೫ರಂದು ‘ರಾಮಾಯಣ’ ಧಾರಾವಾಹಿ ಮೊದಲಾಗಿ ಮರುವರ್ಷದ ಜುಲೈವರೆಗೆ ಭಾನುವಾರದ ಬೆಳಗುಗಳನ್ನು ಆಳಿತು. ಆ ವರ್ಷಗಳಲ್ಲಿಯೇ ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಶಂಕರನಾಗರು ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೆಹಲಿಯ ಪ್ರಸಾರವಾಗಿ ಹಿಂದಿಯಲ್ಲಿ ನಮಗೇ ಮರಳಿ ಬಂದಿತು. ಮನೆಯ ಮೇಲೆ ಎತ್ತರದ ಕಂಬಕ್ಕೆ ಕಟ್ಟಿದ ಆಂಟೆನಾ, ಅದನ್ನು ತಿರುಗಿಸುವವನೊಬ್ಬ, ‘ಬಂತು, ಬಂತು, ಹೋಯಿತು’ ಎಂದು ಒಳಗಿನಿಂದ ಕೂಗುವವನೊಬ್ಬ, ಜಗಲಿಯಲ್ಲಿ ನೆರೆಹೊರೆಯವರು. ಆ ಕಾಲವನ್ನು ಕಂಡವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಟಿ.ವಿ. ಇದ್ದ ಮನೆಯು ಆ ಒಂದು ಗಂಟೆಯ ಮಟ್ಟಿಗೆ ಬಯಲಾಟದ ಬಯಲಾಗುತ್ತಿತ್ತು.

೩

ಈ ಬಯಲಿಗೆ ವಿ.ಸಿ.ಆರ್. ಬಂದಾಗ ಆದದ್ದೇನು? ಪಾಶ್ಚಾತ್ಯ ದೇಶಗಳಲ್ಲಿ ಈ ಯಂತ್ರದ ಮುಖ್ಯ ಪ್ರಯೋಜನವೆಂದು ಎಣಿಸಲ್ಪಟ್ಟುದು ಕಾಲಾಂತರ, ಎಂದರೆ ಈಗ ಬರುವುದನ್ನು ಹಿಡಿದಿಟ್ಟು ಬಿಡುವಾದಾಗ ನೋಡುವುದು. ಇದು ಕೃತಿಸ್ವಾಮ್ಯದ ಉಲ್ಲಂಘನೆಯೆಂದು ಅಮೆರಿಕದ ಚಿತ್ರಸಂಸ್ಥೆಗಳು ಹೂಡಿದ ವ್ಯಾಜ್ಯದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೧೯೮೪ರ ಜನವರಿಯಲ್ಲಿ ಐವರು ನಾಲ್ವರ ಅಂತರದಿಂದ ಪ್ರೇಕ್ಷಕನ ಪರವಾಗಿ ತೀರ್ಪಿತ್ತಿತು. ಹಾಗೆ ಪ್ರೇಕ್ಷಕಕಾಲಕ್ಕೆ ಅಲ್ಲಿ ನ್ಯಾಯದ ಮುದ್ರೆ ಬಿದ್ದಿತು.

ನಮ್ಮಲ್ಲಿ ಕಥೆ ಬೇರೆ. ಒಂದೇ ವಾಹಿನಿಯಿದ್ದು, ಸಂಜೆಯ ಕೆಲವು ಗಂಟೆಗಳ ಪ್ರಸಾರವೇ ಎಲ್ಲವೂ ಆಗಿದ್ದ ನಾಡಿನಲ್ಲಿ ಕಾಲಾಂತರದ ಅಗತ್ಯವೇ ಕಡಿಮೆ. ಯಂತ್ರವೂ ದುಬಾರಿ. ಆದುದರಿಂದ ವಿ.ಸಿ.ಆರ್. ನಮ್ಮ ಸಣ್ಣ ಊರುಗಳಲ್ಲಿ ಬಹುಪಾಲು ಬಾಡಿಗೆಯ ವಸ್ತುವಾಯಿತು. ಒಂದು ರಾತ್ರಿಗೆಂದು ಬಣ್ಣದ ಟಿ.ವಿ.ಯೊಡನೆ ಅದನ್ನು ತಂದು, ಬೆಳಗಾಗುವವರೆಗೆ ಮೂರು ಚಲಚ್ಚಿತ್ರಗಳನ್ನು ನೋಡಿ, ಬೆಳಿಗ್ಗೆ ಹಿಂತಿರುಗಿಸುವುದು. ಇದು ಒಂಟಿನೋಟವಲ್ಲ, ಬಯಲಾಟದ ಮತ್ತೊಂದು ರೂಪ. ಒಂಟಿತನವನ್ನು ಉದ್ದೇಶಿಸಿ ಹುಟ್ಟಿದ ಯಂತ್ರವನ್ನು ನಮ್ಮ ಜನ ಊರೊಟ್ಟಿನ ಜಾಗರಣೆಗೆ ಒಗ್ಗಿಸಿಕೊಂಡರು. ತಂತ್ರವು ಜನರನ್ನು ತನ್ನಿಚ್ಛೆಯಂತೆ ಮಾರ್ಪಡಿಸುವುದೆಂದು ಬರೆಯುವವರು ಈ ಸಂಗತಿಯನ್ನು ಗಮನಿಸಬೇಕು.

ಆದರೂ ಕೆಲವರು ಪ್ರಸಾರವನ್ನು ಮುದ್ರಿಸಿಟ್ಟರು. ಅವರ ಮನಸ್ಸಿನಲ್ಲಿದ್ದುದು ನಾಳೆ ನೋಡಿ ಅಳಿಸಿಬಿಡುವ ಆಲೋಚನೆಯಲ್ಲ, ಉಳಿಸಿಕೊಳ್ಳುವ ಆಸೆ. ಇಲ್ಲಿಯ ಮನೆಗಳಲ್ಲಿ ಯಂತ್ರವು ಕಾಲವನ್ನು ಸರಿಸುವುದಕ್ಕಿಂತ ಪ್ರತಿಯನ್ನು ಮಾಡುವುದರಲ್ಲಿಯೇ ಸಾರ್ಥಕವಾಯಿತು. ವಿ.ಎಚ್.ಎಸ್. ಕ್ಯಾಸೆಟ್ಟಿನ ಬೆನ್ನಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಆ ಟೇಪಿನ ಮೇಲೆ ಮತ್ತೆ ಮುದ್ರಿಸಲಾಗದು; ಮನಸ್ಸು ಬದಲಾದರೆ ಆ ತೂತಿನ ಮೇಲೆ ಅಂಟುಪಟ್ಟಿ ಹಚ್ಚಬೇಕು. ಆ ಚೂರನ್ನು ಮುರಿದ ಕೈ ‘ಇದು ಉಳಿಯತಕ್ಕದ್ದು’ ಎಂಬ ತೀರ್ಮಾನವನ್ನು ಮಾಡಿದ ಕೈ. ವಿಮರ್ಶೆಯ ಮೊದಲ ಹೆಜ್ಜೆ ಅದೇ.

೪

ಈಗ ಮುಖ್ಯ ಪ್ರಶ್ನೆಗೆ ಬರೋಣ. ದೂರದರ್ಶನದ ವಿಮರ್ಶಕನ ಮುಂದೆ ಇರುವ ಪಾಠ ಯಾವುದು? ಕಾದಂಬರಿಯ ವಿಮರ್ಶಕನಿಗೆ ಅಚ್ಚಾದ ಪುಸ್ತಕವಿದೆ. ೧೯೫೪ರ ಕಾನೂನಿನ ಪ್ರಕಾರ ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಗೊತ್ತಾದ ಗ್ರಂಥಾಲಯಗಳಿಗೆ ಒಪ್ಪಿಸಬೇಕು. ಪ್ರಸಾರವು ಆ ಕಾನೂನಿನ ವ್ಯಾಪ್ತಿಗೆ ಸೇರಿಲ್ಲ. ಉಪಗ್ರಹ ವಾಹಿನಿಗಳು ತಾವು ಪ್ರಸಾರಮಾಡಿದುದನ್ನು ೯೦ ದಿನಗಳ ಕಾಲ ಇಟ್ಟಿರಬೇಕೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಅದೂ ಪರಿಶೀಲನೆಗಾಗಿ, ಅಭ್ಯಾಸಕ್ಕಾಗಿ ಅಲ್ಲ. ಫ್ರಾನ್ಸಿನಲ್ಲಿ ೧೯೯೨ರಲ್ಲಿ ಮಾಡಿದ ಕಾನೂನಿನಿಂದ ಪ್ರಸಾರಗಳನ್ನೂ ಪುಸ್ತಕಗಳಂತೆಯೇ ಒಪ್ಪಿಸಿ ಕಾಪಾಡುವ ಏರ್ಪಾಡಾಯಿತು. ನಮ್ಮ ವಿದ್ಯಾರ್ಥಿಯೊಬ್ಬನು ಕನ್ನಡ ಧಾರಾವಾಹಿಯನ್ನು ಕುರಿತು ಪ್ರಬಂಧ ಬರೆಯಹೊರಟರೆ ಅವನಿಗೆ ಆಧಾರ ನೆನಪೊಂದೇ. ನೆನಪಿನಿಂದ ಬರೆದ ವಿಮರ್ಶೆ ಪ್ರಶಂಸೆಯಾಗಬಹುದು, ನಿಂದೆಯಾಗಬಹುದು, ಪರಿಶೀಲನೆಯಾಗಲಾರದು.

ನಿರ್ಮಾಪಕನ ಬಳಿ ಮೂಲಪ್ರತಿ ಇದ್ದೇ ಇರುವುದಲ್ಲ ಎಂದು ಕೇಳಬಹುದು. ಇರಬಹುದು, ಇಲ್ಲದಿರಬಹುದು. ಬ್ರಿಟನ್ನಿನ ಬಿ.ಬಿ.ಸಿ.ಯಂಥ ಸಂಸ್ಥೆಯೇ ೧೯೭೦ರ ದಶಕದ ಕೊನೆಯ ಭಾಗದವರೆಗೆ ತನ್ನ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿತ್ತು. ೧೯೬೩ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಹಲವಾರು ಕಂತುಗಳ ಚಿತ್ರ ಹೀಗೆ ನಷ್ಟವಾಯಿತು. ಅವುಗಳ ಧ್ವನಿ ಮಾತ್ರ ಉಳಿದಿದೆ, ಪ್ರೇಕ್ಷಕರು ಮನೆಯಲ್ಲಿ ಟಿ.ವಿ.ಯ ಮುಂದೆ ಟೇಪ್‌ರೆಕಾರ್ಡರು ಇಟ್ಟುಕೊಂಡು ಮುದ್ರಿಸಿದ್ದರಿಂದ. ಮೂಲ ಕಳೆದು ಮನೆಯ ಪ್ರತಿ ಉಳಿಯುವುದು ಓಲೆಗರಿಯ ಲೋಕದಲ್ಲಿ ನಮಗೆ ತಿಳಿಯದ ಸಂಗತಿಯೇನಲ್ಲ. ಯಾವ ವಚನಕಾರನ ಸ್ವಹಸ್ತಾಕ್ಷರವನ್ನು ನಾವು ಕಂಡಿದ್ದೇವೆ?

ಮೂಲಪ್ರತಿ ಇದ್ದಾಗಲೂ ಅದು ಪ್ರಸಾರದ ಪಾಠವಲ್ಲ ಎಂಬುದು ಇದಕ್ಕಿಂತ ಸೂಕ್ಷ್ಮವಾದ ಮಾತು. ಬ್ರಿಟಿಷ್ ವಿಮರ್ಶಕ ರೇಮಂಡ್ ವಿಲಿಯಮ್ಸರು ೧೯೭೪ರಲ್ಲಿ ಪ್ರಕಟಿಸಿದ ದೂರದರ್ಶನ ಕುರಿತ ಗ್ರಂಥದಲ್ಲಿ, ಪ್ರೇಕ್ಷಕನು ಕಾಣುವುದು ಬಿಡಿ ಕಾರ್ಯಕ್ರಮಗಳನ್ನಲ್ಲ, ಒಂದು ಪ್ರವಾಹವನ್ನು ಎಂದು ಪ್ರತಿಪಾದಿಸಿದರು. ಕಥೆ, ಜಾಹೀರಾತು, ಮುಂದಿನ ಕಾರ್ಯಕ್ರಮದ ಪ್ರಕಟಣೆ, ವಾರ್ತೆ ಇವೆಲ್ಲ ಒಂದರೊಳಗೊಂದು ಹರಿದುಬರುತ್ತವೆ. ನಿರ್ಮಾಪಕನ ಪ್ರತಿಯಲ್ಲಿ ಕಥೆ ಮಾತ್ರ ಇರುತ್ತದೆ. ಪ್ರವಾಹವಿರುವುದು ಮನೆಯ ಪ್ರತಿಯಲ್ಲಿ. ಸೀತೆಯ ಶೋಕಕ್ಕೂ ಸಾಬೂನಿನ ಹಾಡಿಗೂ ನಡುವೆ ಎಷ್ಟು ಕ್ಷಣಗಳಿದ್ದುವು, ಆ ದಿನದ ವಾರ್ತೆಯಲ್ಲಿ ಮೊದಲು ಯಾವುದನ್ನು ಓದಿದರು, ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ ಎಷ್ಟು ಹೊತ್ತು ನಿಂತಿತು ಎಂಬುದನ್ನು ಅಂಥ ಟೇಪು ಹೇಳಬಲ್ಲದು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ಹಿಂದೆ ಗ್ರಂಥಪಾಲಕಿಯಾಗಿದ್ದ ಮೇರಿಯನ್ ಸ್ಟೋಕ್ಸ್ ಎಂಬವರು ೧೯೭೦ರ ದಶಕದ ಕೊನೆಯಿಂದ ೨೦೧೨ರಲ್ಲಿ ಮರಣಹೊಂದುವವರೆಗೆ ಹಗಲಿರುಳೂ ಟಿ.ವಿ.ಯನ್ನು ಮುದ್ರಿಸಿ ಸುಮಾರು ೭೦,೦೦೦ ಕ್ಯಾಸೆಟ್ಟುಗಳನ್ನು ಬಿಟ್ಟುಹೋದರು. ಅವರು ಬದುಕಿದ್ದಾಗ ಹುಚ್ಚೆನಿಸಿದ್ದ ಕೆಲಸ ಈಗ ಸಂಶೋಧಕರ ಸಾಮಗ್ರಿಯಾಗಿದೆ.

ಮನೆಯ ಪ್ರತಿಯಲ್ಲಿ ದೋಷಗಳಿಲ್ಲವೆಂದಲ್ಲ. ವಿ.ಎಚ್.ಎಸ್. ಟೇಪು ಪ್ರಸಾರದ ಚಿತ್ರದ ಸೂಕ್ಷ್ಮತೆಯನ್ನೆಲ್ಲ ಹಿಡಿಯಲಾರದು. ಸುಮಾರು ೨೪೦ ಗೆರೆಗಳಷ್ಟೇ ಅದರ ಶಕ್ತಿ. ಮೂರು ಗಂಟೆಯ ಟೇಪಿನ ಮೇಲೆ ಹಲವು ಬಾರಿ ಮುದ್ರಿಸಿದ್ದರೆ ಹೊಸದರ ಅಡಿಯಲ್ಲಿ ಹಳೆಯದು ಪೂರ್ಣವಾಗಿ ಅಳಿದಿರುತ್ತದೆ, ತುದಿಯಲ್ಲಿ ಮಾತ್ರ ಹಳೆಯದರ ತುಣುಕು ಉಳಿದಿರುತ್ತದೆ. ಕರೆಂಟು ಹೋದಲ್ಲಿ ಕಥೆಯೂ ತುಂಡಾಗಿರುತ್ತದೆ. ಜಾಹೀರಾತು ಬಂದಾಗ ಗುಂಡಿಯೊತ್ತಿ ನಿಲ್ಲಿಸಿದ ಮನೆಯವನು ತಾನೇ ಸಂಪಾದಕನಾಗಿರುತ್ತಾನೆ. ಆದರೆ ಇವೆಲ್ಲ ಗ್ರಂಥಸಂಪಾದನ ಶಾಸ್ತ್ರಕ್ಕೆ ಪರಿಚಿತವಾದ ದೋಷಗಳೇ. ಗರಿ ಮುರಿದುದು, ಹುಳು ತಿಂದುದು, ಲಿಪಿಕಾರನು ಸಾಲು ಬಿಟ್ಟುದು, ತನಗೆ ಬೇಕಾದುದನ್ನು ಸೇರಿಸಿದುದು ಇವನ್ನೆಲ್ಲ ತೂಗಿನೋಡಿ ಪಾಠವನ್ನು ನಿರ್ಣಯಿಸುವ ಕ್ರಮವನ್ನು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ನಮಗೆ ವಿಶದಪಡಿಸಿದ್ದಾರೆ. ಆ ಕ್ರಮವನ್ನೇ ಟೇಪಿಗೂ ಅನ್ವಯಿಸಬಹುದು. ದೋಷವುಳ್ಳ ಪ್ರತಿಯನ್ನು ಬಿಸಾಡಬೇಕೆಂದು ಆ ಶಾಸ್ತ್ರ ಎಲ್ಲಿಯೂ ಹೇಳಿಲ್ಲ.

ಪ್ರತಿಮಾಡಿಕೊಂಡವರು ಜೋಡಿಸುವುದೂ ಉಂಟು. ವಚನಗಳನ್ನು ಹೊಸ ಕ್ರಮದಲ್ಲಿ ಇರಿಸಿ, ಸಂವಾದವಾಗಿ ಹೆಣೆದು, ಅಲ್ಲಮನನ್ನು ಮಧ್ಯದಲ್ಲಿ ನಿಲ್ಲಿಸಿದ ‘ಶೂನ್ಯಸಂಪಾದನೆ’ಯನ್ನು ನೆನೆಯಿರಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರ ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಅದನ್ನು ನಾಲ್ಕು ಬಗೆಯಾಗಿ ಜೋಡಿಸಿದರು. ಓದುವವನ ಕೈಯಲ್ಲಿ ಪ್ರತಿಯಿದ್ದುದರಿಂದಲೇ ಅದು ಸಾಧ್ಯವಾಯಿತು. ಮನೆಯಲ್ಲಿ ಮೆಚ್ಚಿದ ಹಾಡುಗಳನ್ನು ಒಂದು ಟೇಪಿಗೆ ಕೂಡಿಸಿಕೊಂಡವನನ್ನು ಆ ಮಹನೀಯರ ಪಕ್ಕದಲ್ಲಿ ಕೂರಿಸುವುದು ನನ್ನ ಉದ್ದೇಶವಲ್ಲ. ಸ್ವೀಕಾರವು ಸೃಷ್ಟಿಯಾಗಬೇಕಾದರೆ ಸ್ವೀಕರಿಸುವವನ ಕೈಯಲ್ಲಿ ಪ್ರತಿಯಿರಬೇಕು ಎಂಬುದಷ್ಟೇ ನನ್ನ ಮಾತು.

೫

ಪಾಠದ ಪ್ರಶ್ನೆಯಿಂದ ಮೌಲ್ಯದ ಪ್ರಶ್ನೆಗೆ ಬರಬೇಕು. ದೈನಿಕ ಧಾರಾವಾಹಿಯ ಮೇಲೆ ವಿದ್ಯಾವಂತರು ಹೊರಿಸುವ ಆಕ್ಷೇಪಗಳು ಮೂರು: ಹೇಳಿದುದನ್ನೇ ಹೇಳುತ್ತದೆ, ಒಂದು ಮಾತಿಗೆ ಹತ್ತು ಮುಖಗಳನ್ನು ತೋರಿಸುತ್ತದೆ, ಪ್ರತಿದಿನವೂ ಕೊನೆಯಲ್ಲಿ ಗಂಟು ಹಾಕುತ್ತದೆ. ಹತ್ತು ಕಂತುಗಳನ್ನು ಒಂದೇ ಕೂರಿನಲ್ಲಿ ನೋಡಿದವನಿಗೆ ಈ ದೋಷಗಳು ಅಸಹ್ಯವಾಗುವುದು ಸಹಜ. ಆದರೆ ಆ ಕಟ್ಟಡ ಅವನಿಗಾಗಿ ಆದುದಲ್ಲ. ನಿನ್ನೆ ಕರೆಂಟಿಲ್ಲದೆ ತಪ್ಪಿಸಿಕೊಂಡವಳಿಗೆ ಕಥೆಯನ್ನು ಮರಳಿ ಹೇಳಬೇಕು, ಒಲೆಯ ಮೇಲಿನ ಹಾಲನ್ನು ಇಳಿಸಿ ಬರುವಷ್ಟು ಹೊತ್ತು ಕೊಡಬೇಕು, ನಾಳೆಗೆ ಕರೆಯಬೇಕು. ಪ್ರಸಾರಕಾಲದ ಕೃತಿಯನ್ನು ಪ್ರೇಕ್ಷಕಕಾಲದಲ್ಲಿ ಕುಳಿತು ತೂಗುವುದು ಗಮಕಿಯ ವಾಚನವನ್ನು ಮೌನವಾಗಿ ಓದಿ ಪುನರುಕ್ತಿಯೆಂದು ದೂಷಿಸಿದಂತೆ. ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆವಶ್ಯಕವಾದ ಪುನರುಕ್ತಿಯಾವುದು, ಸೋಮಾರಿತನದ ಪುನರುಕ್ತಿಯಾವುದು ಎಂದು ಬೇರ್ಪಡಿಸುವುದೇ ವಿಮರ್ಶೆಯ ಕೆಲಸ. ಅದಕ್ಕೆ ಸ್ವೀಕಾರದ ಕ್ರಮ ತಿಳಿದಿರಬೇಕು.

ಆ ಕ್ರಮ ಈಗ ಮತ್ತೆ ಬದಲಾಗಿದೆ. ಕೇಬಲ್ ಪ್ರಸಾರವನ್ನು ಡಿಜಿಟಲ್ ಮಾಡುವ ೨೦೧೧ರ ತಿದ್ದುಪಡಿಯ ಕೊನೆಯ ಹಂತವು ಹಳ್ಳಿಗಳಲ್ಲಿ ೨೦೧೭ರ ಮಾರ್ಚಿಗೆ ಮುಗಿಯಬೇಕೆಂದು ಗೊತ್ತಾಗಿತ್ತು. ಸೆಟ್ ಟಾಪ್ ಬಾಕ್ಸ್ ಬಂದಮೇಲೆ ಹಳೆಯ ವಿ.ಸಿ.ಆರ್. ತಾನಾಗಿ ವಾಹಿನಿಯನ್ನು ಹಿಡಿಯಲಾರದಾಯಿತು. ೨೦೦೮ರಲ್ಲಿ ಟಾಟಾ ಸ್ಕೈ ಸಂಸ್ಥೆ ಮುದ್ರಣಶಕ್ತಿಯುಳ್ಳ ಬಾಕ್ಸನ್ನು ತಂದಿತ್ತು. ಆದರೆ ಅಂಥ ಬಾಕ್ಸಿನಲ್ಲಿ ಮುದ್ರಿತವಾದುದು ಗೂಢಲಿಪಿಯಲ್ಲಿದ್ದು ಆ ಬಾಕ್ಸಿನಲ್ಲಿಯೇ ಓಡತಕ್ಕದ್ದು. ಬಾಕ್ಸು ಹೋದರೆ ಅದೂ ಹೋಯಿತು. ೨೦೧೬ರ ಜುಲೈಯಲ್ಲಿ ಜಪಾನಿನ ಫುನಾಯ್ ಸಂಸ್ಥೆ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಬಂದು, ಅಂತರ್ಜಾಲ ಅಗ್ಗವಾಗಿ, ಧಾರಾವಾಹಿಯು ಮೊಬೈಲಿಗೆ ಇಳಿಯಿತು. ಈಗ ಸೊರಬದ ಗೃಹಿಣಿಯು ರಾತ್ರಿಯ ಕಂತನ್ನು ಮಧ್ಯಾಹ್ನ ನೋಡಬಲ್ಲಳು. ಪ್ರೇಕ್ಷಕಕಾಲವು ಪೂರ್ಣವಾಗಿ ಕೈಗೆ ಬಂದಂತಾಯಿತು.

ಆದರೆ ಇಲ್ಲಿ ಒಂದು ವಿಪರ್ಯಾಸವಿದೆ. ಕಾಲವು ಪ್ರೇಕ್ಷಕನ ಕೈಗೆ ಬಂದಾಗಲೇ ಪ್ರತಿಯು ಅವನ ಕೈಯಿಂದ ಹೋಯಿತು. ಮೊಬೈಲಿನಲ್ಲಿ ಕಾಣುವ ಕಂತು ಸಂಸ್ಥೆಯ ಸಂಗ್ರಹದಲ್ಲಿರುವುದು. ಅದನ್ನು ಸಂಸ್ಥೆ ಬೇಕಾದಾಗ ತೆಗೆಯಬಹುದು, ತಿದ್ದಬಹುದು, ಹಾಡನ್ನು ಬದಲಿಸಬಹುದು. ನಿನ್ನೆ ಕಂಡುದೇ ಇದು ಎಂದು ಸಾಧಿಸುವುದಕ್ಕೆ ನೋಡಿದವನ ಬಳಿ ಏನೂ ಇರುವುದಿಲ್ಲ. ಲಕ್ಷ ಜನ ನೋಡಿದರೂ ಪ್ರತಿ ಒಂದೇ. ಓಲೆಗರಿಯ ಕಾಲದಲ್ಲಿ ಹತ್ತು ಜನ ಓದಿದ ಗ್ರಂಥಕ್ಕೂ ಮೂರು ನಾಲ್ಕು ಪ್ರತಿಗಳಿದ್ದುವು. ಒಂದು ಮಠ ಸುಟ್ಟರೆ ಇನ್ನೊಂದು ಮಠದಲ್ಲಿ ಉಳಿಯುತ್ತಿತ್ತು. ಈಗಿನದು ಒಂದರ್ಥದಲ್ಲಿ ಶಾಸನಕ್ಕೆ ಮರಳಿದಂತೆ. ಹೇಳುವವನೇ ಕಲ್ಲಿನ ಒಡೆಯ. ಆದರೆ ಈ ಕಲ್ಲು ಬಯಲಿನಲ್ಲಿಲ್ಲ, ಅದನ್ನು ಅಳಿಸಿದರೆ ಕಂಡುಹಿಡಿಯುವವರಿಲ್ಲ.

೬

ಧಾರಾವಾಹಿಗಳು ಉಳಿಸಲು ಯೋಗ್ಯವಾದುವೇ ಎಂಬ ಶಂಕೆಯೊಂದು ಉಳಿಯುತ್ತದೆ. ಎಲ್ಲವೂ ಅಲ್ಲದಿರಬಹುದು. ಆದರೆ ಯೋಗ್ಯತೆಯನ್ನು ನಿರ್ಣಯಿಸುವ ಹಕ್ಕು ಪ್ರತಿ ಉಳಿದಮೇಲೆ ಬರುವುದು, ಅದಕ್ಕೆ ಮೊದಲಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಯ ಕಟ್ಟುಗಳನ್ನು ಅರಸುತ್ತ ಹೋದ ಕಾಲದಲ್ಲಿ ವಚನಗಳು ಸಾಹಿತ್ಯವೆಂಬ ಮನ್ನಣೆ ವಿದ್ವಾಂಸರಲ್ಲಿ ಸಾಮಾನ್ಯವಾಗಿರಲಿಲ್ಲ. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದುದರಿಂದ ಆ ಮನ್ನಣೆಗೆ ದಾರಿಯಾಯಿತು. ಅವರು ಮೊದಲು ಯೋಗ್ಯತೆಯ ಚರ್ಚೆಗೆ ಕುಳಿತಿದ್ದರೆ ಗರಿಗಳು ಒಲೆ ಸೇರುತ್ತಿದ್ದುವು.

ಟೇಪಿಗೆ ಅಷ್ಟು ಕಾಲವೂ ಇಲ್ಲ. ಅಯಸ್ಕಾಂತದ ಪುಡಿಯನ್ನು ಪಟ್ಟಿಗೆ ಹಿಡಿದಿರಿಸುವ ಅಂಟು ವರ್ಷಗಳು ಕಳೆದಂತೆ ಬಿಡುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಓಡಿಸುವ ಯಂತ್ರಗಳೂ ದುರಸ್ತಿ ಬಲ್ಲವರೂ ವಿರಳವಾಗಿದ್ದಾರೆ. ೨೦೨೫ರೊಳಗೆ ಡಿಜಿಟಲ್ ರೂಪಕ್ಕೆ ತರದ ಟೇಪುಗಳು ಬಹುಪಾಲು ನಷ್ಟವಾದಂತೆಯೇ ಸರಿ ಎಂದು ಆಸ್ಟ್ರೇಲಿಯದ ರಾಷ್ಟ್ರೀಯ ಚಲಚ್ಚಿತ್ರ ಮತ್ತು ಧ್ವನಿ ಸಂಗ್ರಹಾಲಯವು ೨೦೧೫ರಲ್ಲಿಯೇ ಎಚ್ಚರಿಸಿತ್ತು. ಆ ಗಡುವು ಮುಗಿದಿದೆ. ಆದರೂ ಎಲ್ಲ ಟೇಪುಗಳೂ ಒಂದೇ ದಿನ ಸಾಯುವುದಿಲ್ಲ.

ವಿಶ್ವವಿದ್ಯಾನಿಲಯದ ವಿಭಾಗಗಳು ಮಾಡಬಹುದಾದುದು ಅಲ್ಪವಲ್ಲ. ೧೯೫೭ರ ಕೃತಿಸ್ವಾಮ್ಯ ಕಾನೂನಿನ ೩೯ನೆಯ ಪ್ರಕರಣವು ಸ್ವಂತ ಉಪಯೋಗಕ್ಕಾಗಿಯೂ ಪ್ರಾಮಾಣಿಕವಾದ ಬೋಧನೆ ಮತ್ತು ಸಂಶೋಧನೆಗಾಗಿಯೂ ಪ್ರಸಾರವನ್ನು ಮುದ್ರಿಸಿಕೊಳ್ಳುವುದನ್ನು ಪ್ರಸಾರಹಕ್ಕಿನ ಉಲ್ಲಂಘನೆಯೆಂದು ಎಣಿಸುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಶಾಸನಗಳ ಪಡಿಯಚ್ಚು ತೆಗೆಯಲು ಶಿಕಾರಿಪುರ, ಸೊರಬದ ಹಳ್ಳಿಗಳಿಗೆ ಹೋಗುವುದುಂಟು. ಹೋದಾಗ ಗುಡಿಯ ಮುಂದಿನ ಕಲ್ಲನ್ನು ಓದಿ ಬರುವುದರೊಡನೆ, ಆತಿಥ್ಯವಿತ್ತ ಮನೆಯ ಯಜಮಾನರನ್ನು ‘ತಮ್ಮಲ್ಲಿ ಹಳೆಯ ಕ್ಯಾಸೆಟ್ಟುಗಳೇನಾದರೂ ಉಂಟೇ?’ ಎಂದು ಒಂದು ಮಾತು ಕೇಳಲಿ. ಯಾವ ದಿನ ಮುದ್ರಿಸಿದುದು, ಯಾರು, ಏಕೆ, ಯಾರೊಡನೆ ಕುಳಿತು ನೋಡಿದುದು ಎಂಬುದನ್ನು ಬರೆದುಕೊಳ್ಳಲಿ. ಟೇಪು ಓಡದಿದ್ದರೂ ಆ ವಿವರ ಉಳಿಯುತ್ತದೆ. ಮನೆಯವರು ಕ್ಯಾಸೆಟ್ಟಿನ ಬೆನ್ನಿನ ಮೇಲೆ ಹಚ್ಚಿದ ಚೀಟಿಯೂ ಒಂದು ಸಾಕ್ಷಿಯೇ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ತಿಥಿಯನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಂಡುದನ್ನು ನಾವು ಎಷ್ಟು ಆದರದಿಂದ ಓದುತ್ತೇವೆಯೋ ಅಷ್ಟೇ ಆದರದಿಂದ ಆ ಚೀಟಿಯನ್ನೂ ಓದಬೇಕು.